ಕ್ರೂಸ್‌ಗೆ ಸ್ವಂತ ಬಾಟಲಿ: ಒಯ್ಯೋದಾ, ಅಲ್ಲೇ ಕೊಳ್ಳೋದಾ?

ಸಿಂಗಪುರದ ಕ್ರೂಸ್‌ಗೆ ಟಿಕೆಟ್ ಮಾಡಿಸಿದ್ದೀವಿ ಅಂತ ಫೋನ್ ಮಾಡುವ ಗೆಳೆಯರು ಮೊದಲು ವೀಸಾ ಬಗ್ಗೆ ಕೇಳುತ್ತಾರೆ. ಆಮೇಲೆ ಸಸ್ಯಾಹಾರಿ ಊಟ ಸಿಗುತ್ತಾ ಅಂತ. ಕೊನೆಗೆ ದನಿ ತಗ್ಗಿಸಿ ಇನ್ನೊಂದು ಪ್ರಶ್ನೆ: "ಎಣ್ಣೆ ನಾವೇ ತಗೊಂಡು ಹೋಗಬಹುದಾ?"

ದನಿ ತಗ್ಗಿಸಬೇಕಾದ ವಿಷಯವೇನಲ್ಲ ಇದು. ನಾಲ್ಕು ದಿನದ ಪ್ರವಾಸದಲ್ಲಿ ಹಡಗಿನ ಬಾರ್ ಬಿಲ್ಲು ಕೆಲವು ಸಲ ವಿಮಾನದ ಟಿಕೆಟ್‌ಗಿಂತ ಜಾಸ್ತಿ ಆಗುತ್ತದೆ. ಮೊದಲೇ ತಿಳಿದುಕೊಂಡು ಹೋಗುವುದು ಜಾಣತನ. ಆದರೆ ಉತ್ತರ ಎಲ್ಲಾ ಹಡಗಿಗೂ ಒಂದೇ ಅಲ್ಲ. ಒಂದು ಕಂಪನಿ ಒಂದು ಹನಿಯನ್ನೂ ಒಳಗೆ ಬಿಡುವುದಿಲ್ಲ. ಇನ್ನೊಂದು ಎಷ್ಟಾದರೂ ತನ್ನಿ ಅನ್ನುತ್ತದೆ. ಇವೆರಡರ ನಡುವೆ ಹಲವು ಬಗೆ ಇವೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ವಿಸ್ಕಿ, ರಮ್ ಒಯ್ಯುವ ಯೋಚನೆ ಬಿಟ್ಟುಬಿಡಿ. ಬಿಡುವ ಹಡಗಾದರೆ ಒಬ್ಬರಿಗೆ ಒಂದು ಒಳ್ಳೆಯ ವೈನ್ ಬಾಟಲಿ ಖಂಡಿತ ಒಯ್ಯಿರಿ. ದಿನಕ್ಕೆ ಇಷ್ಟು ಅಂತ ಮೊದಲೇ ಕಟ್ಟಿ, ಗ್ಲಾಸಿಗೆ ಬೇರೆ ದುಡ್ಡು ಕೊಡದೆ ಕುಡಿಯುವ ಡ್ರಿಂಕ್ಸ್ ಪ್ಯಾಕೇಜ್‌ಗೆ ದುಡ್ಡು ಕಟ್ಟುವ ಮೊದಲು ದಿನಕ್ಕೆ ನಿಜವಾಗಿ ಎಷ್ಟು ಗ್ಲಾಸ್ ಕುಡಿಯುತ್ತೀರಿ ಅಂತ ಕೂತು ಎಣಿಸಿ.

ಹಡಗಿನವರು ಯಾಕೆ ತಡೆಯುತ್ತಾರೆ

ಕ್ರೂಸ್ ಕಂಪನಿಗೆ ಟಿಕೆಟ್ಟಿನ ದುಡ್ಡೊಂದೇ ಆದಾಯವಲ್ಲ. ಬಾರ್, ಕ್ಯಾಸಿನೊ, ಸ್ಪಾ, ಬಂದರಿನ ಟೂರ್ ಎಲ್ಲಾ ಸೇರಿ ದೊಡ್ಡ ಮೊತ್ತ ಬರುತ್ತದೆ. 2023ರಲ್ಲಿ ರಾಯಲ್ ಕೆರಿಬಿಯನ್ ಸಮೂಹದ ಆದಾಯದಲ್ಲಿ ನೂರಕ್ಕೆ ಸುಮಾರು 31 ಪಾಲು ಹೀಗೆ ಟಿಕೆಟ್ ಬಿಟ್ಟು ಬೇರೆ ಕಡೆಯಿಂದ ಬಂದದ್ದು. ಕಾರ್ನಿವಲ್ ಸಮೂಹದಲ್ಲಿ ಅದು ಸುಮಾರು 35. ಬಾರ್ ಇದರಲ್ಲಿ ಮುಖ್ಯವಾದ ಬಾಬತ್ತು. ಹಾಗಾಗಿ ನೀವು ಮನೆಯಿಂದ ತಂದ ಬಾಟಲಿ ಅವರಿಗೆ ನೇರ ನಷ್ಟ.

ಇನ್ನೊಂದು ಕಾರಣವೂ ಇದೆ, ಅದು ನ್ಯಾಯವಾದದ್ದು. ನಡುಕಡಲಲ್ಲಿ ಒಬ್ಬರು ಕ್ಯಾಬಿನ್ ಬಾಗಿಲು ಹಾಕಿಕೊಂಡು ಅಳತೆ ಮೀರಿ ಕುಡಿದರೆ ನೋಡಿಕೊಳ್ಳುವವರು ಯಾರು? ಬಾರ್‌ನಲ್ಲಿ ಕುಡಿದರೆ ಕೊಡುವವರಿಗೆ ಗೊತ್ತಾಗುತ್ತದೆ, ಸಾಕು ಅನ್ನುತ್ತಾರೆ. ಬಹುತೇಕ ಹಡಗುಗಳು ವೈನ್ ಬಿಟ್ಟು ಹಾಟ್ ಡ್ರಿಂಕ್ಸ್ (ವಿಸ್ಕಿ, ರಮ್‌ನಂಥ ಗಟ್ಟಿ ಮದ್ಯ) ತಡೆಯುವುದಕ್ಕೆ ಇದೂ ಒಂದು ಕಾರಣ.

ಒಂದು ಹನಿಯೂ ಬಿಡದವರು

ನಮ್ಮ ಜನ ಹೆಚ್ಚಾಗಿ ಹತ್ತುವ ದೇಶೀ ಹಡಗು ಕಾರ್ಡೆಲಿಯಾ ಕಂಪನಿಯದು. ಮುಂಬೈ, ಗೋವಾ, ಕೊಚ್ಚಿ, ಲಕ್ಷದ್ವೀಪ, ಚೆನ್ನೈ ಅಂತ ಓಡಾಡುತ್ತದೆ. ಹೊರಗಿನ ಮದ್ಯ ಅದರಲ್ಲಿ ನಡೆಯುವುದಿಲ್ಲ. ಅವರ 'ಎಂಪ್ರೆಸ್' ಹಡಗು ಕಟ್ಟಿದ್ದು 1990ರಲ್ಲಿ, ಹಿಂದೆ ಅದು ರಾಯಲ್ ಕೆರಿಬಿಯನ್‌ನದೇ ಆಗಿತ್ತು. ಹಡಗು ಅದೇ, ಮಾಲೀಕರು ಬೇರೆ, ನಿಯಮವೂ ಬೇರೆ. ಲಕ್ಷದ್ವೀಪಕ್ಕೆ ಹೋಗುವವರಿಗೆ ಇನ್ನೊಂದು ಮಾತು. ಬಂಗಾರಂ ಬಿಟ್ಟರೆ ಅಲ್ಲಿನ ದ್ವೀಪಗಳಲ್ಲಿ ಪಾನನಿಷೇಧವಿದೆ. ದೋಣಿಯಲ್ಲಿ ದಡಕ್ಕೆ ಇಳಿಯುವಾಗ ಚೀಲದಲ್ಲಿ ಒಂದು ಬಿಯರ್ ಕ್ಯಾನ್ ಕೂಡ ಇರಬಾರದು.

ಮೆಡಿಟರೇನಿಯನ್ ಕಡೆ ಜಾಸ್ತಿ ಓಡಾಡುವ ಎಂ.ಎಸ್.ಸಿ. ಕಂಪನಿಯ ಹಡಗುಗಳೂ ಇದೇ ಸಾಲಿಗೆ ಸೇರುತ್ತವೆ. ಇಟಲಿಯ ಊರಿನಲ್ಲಿ ಇಳಿದು ಒಳ್ಳೆ ವೈನ್ ಕೊಂಡರೆ ವಾಪಸ್ ಹತ್ತುವಾಗ ಅದನ್ನು ತೆಗೆದಿಟ್ಟುಕೊಂಡು ಪ್ರವಾಸ ಮುಗಿದಾಗ ಕೊಡುತ್ತಾರೆ. ಊರಿಗೆ ಒಯ್ಯುವ ಉಡುಗೊರೆ ಅಂತಾದರೆ ತೊಂದರೆ ಇಲ್ಲ. ಸಂಜೆ ಬಾಲ್ಕನಿಯಲ್ಲಿ ಕೂತು ಕುಡಿಯೋಣ ಅಂದುಕೊಂಡವರಿಗೆ ನಿರಾಶೆ.

ಇಂಥ ಹಡಗಾದರೆ ಲೆಕ್ಕ ಸುಲಭ. ಬಾರ್‌ನಲ್ಲಿ ಗ್ಲಾಸ್ ಲೆಕ್ಕದಲ್ಲಿ ಕೊಳ್ಳುವುದು ಅಥವಾ ಪ್ಯಾಕೇಜ್, ಇವೆರಡೇ ದಾರಿ.

ಒಬ್ಬರಿಗೆ ಒಂದು ವೈನ್

ಹೆಚ್ಚಿನ ದೊಡ್ಡ ಕಂಪನಿಗಳು ಇಲ್ಲಿ ನಿಲ್ಲುತ್ತವೆ. ರಾಯಲ್ ಕೆರಿಬಿಯನ್‌ನಲ್ಲಿ ಕುಡಿಯುವ ವಯಸ್ಸಾದ ಪ್ರತಿಯೊಬ್ಬರೂ ಹಡಗು ಹತ್ತುವ ದಿನ 750 ಮಿಲಿಯ ಒಂದು ವೈನ್ ಅಥವಾ ಶಾಂಪೇನ್ ಬಾಟಲಿ ತರಬಹುದು. ಬಿಯರ್ ಇಲ್ಲ, ವಿಸ್ಕಿ ಇಲ್ಲ. ಆ ವಯಸ್ಸು ಏಷ್ಯಾದಿಂದ ಹೊರಡುವ ಹಡಗಿಗೆ 18, ಅಮೆರಿಕದಿಂದ ಹೊರಡುವ ಹಡಗಿಗೆ 21. ಕಾಲೇಜಿಗೆ ಹೋಗುವ ಮಗ ಸಿಂಗಪುರದಲ್ಲಿ ಲೆಕ್ಕಕ್ಕೆ ಬರುತ್ತಾನೆ, ಮಯಾಮಿಯಲ್ಲಿ ಬರುವುದಿಲ್ಲ.

ಕಾರ್ನಿವಲ್‌ನಲ್ಲೂ ಹೆಚ್ಚುಕಡಿಮೆ ಹೀಗೇ: 21 ದಾಟಿದವರಿಗೆ ಒಂದು ಬಾಟಲಿ, ಮುಚ್ಚಳ ಒಡೆದಿರಬಾರದು, ಕೈಚೀಲದಲ್ಲೇ ಇರಬೇಕು. ಕ್ಯಾಬಿನ್ನಿನಲ್ಲಿ ಕುಡಿದರೆ ಶುಲ್ಕವಿಲ್ಲ. ಊಟದ ಹಾಲ್‌ಗೆ ಒಯ್ದು ತೆರೆಸಿದರೆ ಬಾಟಲಿಗೆ 15 ಡಾಲರ್ ಕಾರ್ಕೇಜ್. ನಿಮ್ಮ ಬಾಟಲಿ ತೆರೆದು, ಗ್ಲಾಸ್ ಕೊಟ್ಟು, ಬಡಿಸುವುದಕ್ಕೆ ಕೊಡುವ ದುಡ್ಡಿಗೆ ಕಾರ್ಕೇಜ್ ಅನ್ನುತ್ತಾರೆ.

ಅಲಾಸ್ಕಾ ಕಡೆ ಹೋಗುವವರು ಪ್ರಿನ್ಸೆಸ್ ಅಥವಾ ಹಾಲೆಂಡ್ ಅಮೆರಿಕ ಹಡಗು ಹತ್ತುವುದು ಜಾಸ್ತಿ. ಕ್ಯಾಲಿಫೋರ್ನಿಯಾದಲ್ಲೋ ಸಿಯಾಟಲ್‌ನಲ್ಲೋ ಇರುವ ಮಕ್ಕಳು ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವ ಪ್ರವಾಸ ಇದು, ಅಲ್ವಾ? ಇವರಲ್ಲಿ ಒಬ್ಬೊಬ್ಬರ ಮೊದಲ ವೈನ್ ಬಾಟಲಿ ಕ್ಯಾಬಿನ್ನಿಗೆ ಒಯ್ಯಲು ಉಚಿತ. ಅದಕ್ಕಿಂತ ಜಾಸ್ತಿ ಬೇಕಾದರೆ ಪ್ರತಿ ಬಾಟಲಿಗೂ ಶುಲ್ಕ ಕಟ್ಟಿ ಒಯ್ಯಬಹುದು. ಶುಲ್ಕ ಕಟ್ಟಲು ಒಪ್ಪುವವರಿಗೆ ಒಂದು ಬಾಟಲಿಯ ಗಡಿ ಇಲ್ಲ ಅಂತ ಅರ್ಥ.

ಶುಲ್ಕ ಕೊಟ್ಟು ಎಷ್ಟಾದರೂ, ಕೆಲವು ಕಡೆ ಸುಮ್ನೆ ಎಷ್ಟಾದರೂ

ನಾರ್ವೇಜಿಯನ್ ಕಂಪನಿಯ ಹಡಗುಗಳಲ್ಲಿ ವೈನ್ ಬಾಟಲಿಗಳ ಲೆಕ್ಕಕ್ಕೆ ಮಿತಿ ಇಲ್ಲ. ಆದರೆ ಪ್ರತಿ ಬಾಟಲಿಗೂ ಶುಲ್ಕವಿದೆ. ಕ್ಯಾಬಿನ್ನಿನಲ್ಲಿ ಕುಡಿದರೂ ಕಟ್ಟಬೇಕು. 750 ಮಿಲಿಗೆ 15 ಡಾಲರ್, ಒಂದೂವರೆ ಲೀಟರಿನ ದೊಡ್ಡ ಬಾಟಲಿಗೆ 30. ಡಬ್ಬದ ವೈನ್ ಬಿಡುವುದಿಲ್ಲ.

ಇಲ್ಲಿ ಲೆಕ್ಕ ಮಾಡಿ ನೋಡೋಣ. 1,500 ರೂಪಾಯಿಯ ಬಾಟಲಿ ಅಂದುಕೊಳ್ಳಿ. ಡಾಲರಿಗೆ 90 ರೂಪಾಯಿಯಂತೆ ಶುಲ್ಕ 1,350. ಒಟ್ಟು 2,850. 150 ಮಿಲಿಯ ಐದು ಗ್ಲಾಸ್ ಬರುತ್ತದೆ, ಅಂದರೆ ಗ್ಲಾಸಿಗೆ 570. ಹಡಗಿನ ಬಾರ್‌ನಲ್ಲಿ ಒಂದು ಗ್ಲಾಸಿಗೆ 13 ಡಾಲರ್, ಮೇಲೆ 20% ಸರ್ವೀಸ್ ಅಂತಾದರೆ 1,400 ರೂಪಾಯಿ ಹತ್ತಿರ. ಶುಲ್ಕ ಕಟ್ಟಿಯೂ ಅರ್ಧಕ್ಕಿಂತ ಕಡಿಮೆ ಬೀಳುತ್ತದೆ. ಆದರೆ 600 ರೂಪಾಯಿಯ ವೈನ್ ಒಯ್ದು ಅದಕ್ಕೆ 1,350 ಕಟ್ಟುವುದು ನನಗೆ ಸರಿ ಕಾಣುವುದಿಲ್ಲ. ಶುಲ್ಕ ಎಲ್ಲಾ ಬಾಟಲಿಗೂ ಒಂದೇ ಆದ್ದರಿಂದ ಒಳ್ಳೆಯ ವೈನನ್ನೇ ಒಯ್ಯಬೇಕು.

ಡಿಸ್ನಿ ಹಡಗುಗಳ ನಿಯಮ ಬಹುತೇಕ ಕಂಪನಿಗಳಿಗಿಂತ ಉದಾರ, ಇದು ಬಹಳ ಜನರಿಗೆ ಗೊತ್ತಿಲ್ಲ. ಅಮೆರಿಕದಿಂದ ಹೊರಡುವಾಗ 21 ದಾಟಿದ ಒಬ್ಬೊಬ್ಬರೂ ಎರಡು ವೈನ್ ಬಾಟಲಿ ಅಥವಾ ಆರು ಬಿಯರ್ ತರಬಹುದು. ಮೊದಲ ದಿನವಷ್ಟೇ ಅಲ್ಲ, ನಡುವೆ ಬರುವ ಪ್ರತಿ ಬಂದರಿನಲ್ಲೂ ಮತ್ತೆ ಅಷ್ಟೇ ತರಬಹುದು. ಮಕ್ಕಳಿಗಾಗಿ ಹೋಗುವ ಹಡಗಿನಲ್ಲಿ ದೊಡ್ಡವರಿಗೂ ಈ ಅನುಕೂಲ ಇದೆ. ಬಿಯರ್ ಕುಡಿಯುವವರಿಗೆ ಇದಕ್ಕಿಂತ ಒಳ್ಳೆಯ ನಿಯಮ ದೊಡ್ಡ ಕಂಪನಿಗಳಲ್ಲಿ ನಾನು ನೋಡಿಲ್ಲ.

ಇಂಗ್ಲೆಂಡಿನಲ್ಲಿರುವ ಕನ್ನಡಿಗರು ಸೌತಾಂಪ್ಟನ್‌ನಿಂದ ಪಿ ಆ್ಯಂಡ್ ಓ ಹಡಗು ಹತ್ತಿದರೆ 18 ದಾಟಿದ ಒಬ್ಬರಿಗೆ ಒಂದು ಲೀಟರ್ ಬಿಡುತ್ತಾರೆ, ಅದು ವಿಸ್ಕಿಯೇ ಆಗಿರಬಹುದು. ವೈಕಿಂಗ್ ಹಡಗುಗಳಲ್ಲಂತೂ ವೈನ್ ಇರಲಿ ವಿಸ್ಕಿ ಇರಲಿ, ತರುವುದಕ್ಕೆ ಅಡ್ಡಿ ಇಲ್ಲ, ಕಾರ್ಕೇಜೂ ಇಲ್ಲ. ಮಧ್ಯಾಹ್ನ, ರಾತ್ರಿ ಊಟದ ಜೊತೆ ವೈನ್, ಬಿಯರ್ ಟಿಕೆಟ್ಟಿನಲ್ಲೇ ಸೇರಿರುತ್ತದೆ. ಆದರೆ ಅದರ ಟಿಕೆಟ್ಟೇ ದುಬಾರಿ, 18ರೊಳಗಿನ ಮಕ್ಕಳನ್ನು ಸೇರಿಸುವುದೂ ಇಲ್ಲ. ಬಾಟಲಿ ಒಯ್ಯಬಹುದು ಅಂತ ವೈಕಿಂಗ್ ಆರಿಸಿಕೊಳ್ಳುವುದು ಲೆಕ್ಕಕ್ಕೆ ಬರುವ ಮಾತಲ್ಲ.

ಕಂಪನಿಗಳು ಈ ನಿಯಮಗಳನ್ನು ಆಗಾಗ ಬದಲಿಸುತ್ತವೆ. ಹೊರಡುವ ವಾರ ನಿಮ್ಮ ಹಡಗಿನ ನಿಯಮವನ್ನು ಇನ್ನೊಮ್ಮೆ ಓದಿಕೊಳ್ಳಿ.

ಪ್ಯಾಕೇಜ್ ಯಾರಿಗೆ?

ಬುಕ್ ಮಾಡಿದ ದಿನದಿಂದಲೇ ಪ್ಯಾಕೇಜ್ ಕೊಳ್ಳಿ ಅಂತ ಮೇಲ್ ಬರತೊಡಗುತ್ತದೆ. ಬೆಲೆ ಹಡಗಿಗೆ, ತಾರೀಖಿಗೆ ತಕ್ಕಂತೆ ಏರಿಳಿಯುತ್ತದೆ. ದಿನಕ್ಕೆ 70 ಡಾಲರ್ ಅಂತ ಇಟ್ಟುಕೊಳ್ಳೋಣ. ಮೇಲೆ 18% ಸರ್ವೀಸ್ ಸೇರಿದರೆ 82.60. ಬಾರ್‌ನಲ್ಲಿ 13 ಡಾಲರಿನ ಗ್ಲಾಸಿಗೂ 18% ಸೇರಿ 15.34 ಆಗುತ್ತದೆ. ಭಾಗಿಸಿ ನೋಡಿ. ದಿನಕ್ಕೆ ಐದೂವರೆ ಗ್ಲಾಸ್ ಕುಡಿದರೆ ಕೊಟ್ಟ ದುಡ್ಡು ವಾಪಸ್ ಬಂದಂತೆ. ಒಂದು ದಿನ ಅಲ್ಲ, ಎಲ್ಲಾ ದಿನವೂ. ಬೆಳಿಗ್ಗೆಯಿಂದ ಸಂಜೆವರೆಗೆ ಫುಕೆಟ್ ಬೀಚಿನಲ್ಲಿದ್ದ ದಿನವೂ. ಪ್ಯಾಕೇಜಿನಲ್ಲಿ ಕಾಫಿ, ಜ್ಯೂಸ್, ನೀರಿನ ಬಾಟಲಿ ಸೇರಿರುತ್ತದೆ ನಿಜ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಹಾಗೆ ಹಿಡಿದರೂ ದಿನಕ್ಕೆ ಒಂದೆರಡು ಪೆಗ್ ಹಾಕುವವರಿಗೆ ಇದು ನಷ್ಟವೇ.

ನಮ್ಮ ಮನೆಗಳ ಮಟ್ಟಿಗೆ ಇನ್ನೊಂದು ದೊಡ್ಡ ತೊಡಕಿದೆ. ರಾಯಲ್ ಕೆರಿಬಿಯನ್‌ನಲ್ಲೂ ಕಾರ್ನಿವಲ್‌ನಲ್ಲೂ ಒಂದೇ ಕ್ಯಾಬಿನ್ನಿನ ಒಬ್ಬರು ಮದ್ಯದ ಪ್ಯಾಕೇಜ್ ಕೊಂಡರೆ ಅದೇ ಕ್ಯಾಬಿನ್ನಿನ ಉಳಿದ ದೊಡ್ಡವರೂ ಕೊಳ್ಳಬೇಕು. ಒಬ್ಬರ ಪ್ಯಾಕೇಜಿನಲ್ಲಿ ಇಬ್ಬರು ಕುಡಿಯದಿರಲಿ ಅಂತ ಮಾಡಿದ ನಿಯಮ ಇದು. ಗಂಡ ಕುಡಿಯುತ್ತಾನೆ, ಹೆಂಡತಿ ವಾಸನೆಯನ್ನೂ ಸಹಿಸುವುದಿಲ್ಲ. ಮಗನ ಕ್ಯಾಬಿನ್ನಿನಲ್ಲೇ ಎಪ್ಪತ್ತು ದಾಟಿದ ತಂದೆ ಇರುತ್ತಾರೆ, ಅವರಿಗೆ ರಾತ್ರಿ ಬಿಸಿ ಹಾಲು ಸಾಕು. ಇಂಥ ಮನೆಗೆ ಪ್ಯಾಕೇಜ್ ಅಂದರೆ ಕುಡಿಯದವರ ಹೆಸರಿನಲ್ಲೂ ನೂರಾರು ಡಾಲರ್. ಇಬ್ಬರಿಗೆ ನಾಲ್ಕು ದಿನಕ್ಕೆ ಮೇಲಿನ ಲೆಕ್ಕದಲ್ಲಿ 660 ಡಾಲರ್ ದಾಟುತ್ತದೆ, ಸುಮಾರು 59,500 ರೂಪಾಯಿ. ವಿಶೇಷ ಕಾರಣ ಇದ್ದರೆ ಫೋನ್ ಮಾಡಿ ಕೇಳಿ, ಕೆಲವೊಮ್ಮೆ ಕುಡಿಯದವರಿಗೆ ಮದ್ಯವಿಲ್ಲದ ಪ್ಯಾಕೇಜ್ ಸಾಕು ಅಂತ ಒಪ್ಪುತ್ತಾರೆ.

ಇದರ ಪಕ್ಕದಲ್ಲಿ ಸ್ವಂತ ಬಾಟಲಿ ಇಟ್ಟು ನೋಡಿ. ಇಬ್ಬರೂ ದೊಡ್ಡವರಾದ್ದರಿಂದ ಎರಡು ಬಾಟಲಿ, ಹತ್ತು ಗ್ಲಾಸ್. ಅಷ್ಟೇ ವೈನ್ ಬಾರ್‌ನಲ್ಲಿ ಕೊಂಡಿದ್ದರೆ 153 ಡಾಲರ್, ಸುಮಾರು 13,800 ರೂಪಾಯಿ. ನಿಮ್ಮ ಖರ್ಚು ಬಾಟಲಿಗೆ 1,500ರಂತೆ 3,000. ಉಳಿದ ದುಡ್ಡಿನಲ್ಲಿ ಒಂದೆರಡು ಸಂಜೆ ಬಾರ್‌ನಲ್ಲಿ ಕೂತು ಬೇಕಾದ ಕಾಕ್‌ಟೇಲ್ ಕುಡಿಯಬಹುದು. ಮಿತವಾಗಿ ಕುಡಿಯುವ ದಂಪತಿಗೆ ನಾನು ಹೇಳುವುದು ಇದನ್ನೇ.

ಆದರೆ ನಾಲ್ಕು ಜನ ಗೆಳೆಯರು ಮಧ್ಯಾಹ್ನವೇ ಈಜುಕೊಳದ ಪಕ್ಕ ಶುರು ಮಾಡುವವರಾದರೆ ಪ್ಯಾಕೇಜೇ ಸರಿ. ಅವರಿಗೆ ಒಂದೊಂದು ವೈನ್ ಬಾಟಲಿ ಎಲ್ಲಿ ಸಾಕಾಗುತ್ತದೆ? ಕಾರ್ನಿವಲ್ ಪ್ಯಾಕೇಜಿನಲ್ಲಿ 24 ಗಂಟೆಗೆ 15 ಮದ್ಯದ ಗ್ಲಾಸ್ ಅನ್ನುವ ಮಿತಿ ಇದೆ. ಆ ಮಿತಿಯ ಹತ್ತಿರವೂ ಯಾರೂ ಹೋಗಬಾರದು ಅಂತ ನನ್ನ ಮನಸ್ಸು ಹೇಳುತ್ತದೆ.

ಬೆಂಗಳೂರಿನಿಂದ ಹಡಗಿನವರೆಗೆ ಬಾಟಲಿಯ ದಾರಿ

ಜನ ಎಡವುವುದು ಇಲ್ಲೇ, ನಾವೂ ಎಡವಿದ್ದೇವೆ. ವಿಮಾನದಲ್ಲಿ ಬಾಟಲಿ ಚೆಕ್-ಇನ್ ಸೂಟ್‌ಕೇಸಿನಲ್ಲಿ ಇರಬೇಕು, ಯಾಕೆಂದರೆ ಕ್ಯಾಬಿನ್ ಬ್ಯಾಗಿನಲ್ಲಿ 100 ಮಿಲಿಗಿಂತ ದೊಡ್ಡ ದ್ರವ ನಡೆಯುವುದಿಲ್ಲ. ಹಡಗಿಗೆ ಬಂದಾಗ ಇದು ತಿರುಗುಮುರುಗು. ಅಲ್ಲಿ ಬಾಟಲಿ ಕೈಚೀಲದಲ್ಲಿರಬೇಕು.

ಒಮ್ಮೆ ನಾವು ವಿಮಾನ ನಿಲ್ದಾಣದಿಂದ ನೇರ ಬಂದರಿಗೆ ಹೋಗಿ, ಸೂಟ್‌ಕೇಸನ್ನು ಹಾಗೇ ಪೋರ್ಟರ್ ಕೈಗೆ ಕೊಟ್ಟುಬಿಟ್ಟೆವು. ಸಂಜೆ ಏಳಾದರೂ ಸೂಟ್‌ಕೇಸ್ ಕ್ಯಾಬಿನ್ನಿಗೆ ಬರಲಿಲ್ಲ. ನನ್ನ ಹೆಂಡತಿಯ ಬಿ.ಪಿ. ಮಾತ್ರೆ ಅದರಲ್ಲೇ ಇತ್ತು. ಕೊನೆಗೆ ಕೆಳಗಿನ ಡೆಕ್ಕಿನ ಸೆಕ್ಯುರಿಟಿ ಕೋಣೆಗೆ ಕರೆದರು. ಎಕ್ಸ್‌ರೇಯಲ್ಲಿ ಬಾಟಲಿ ಕಂಡಿತ್ತು. ಅವರ ಮುಂದೆ ಸೂಟ್‌ಕೇಸ್ ಬಿಚ್ಚಿ ತೋರಿಸಬೇಕಾಯಿತು. ನಿಯಮದ ಪ್ರಕಾರ ತರಬಹುದಾಗಿದ್ದ ವೈನೇ ಅದು, ಆದರೆ ಇದ್ದ ಜಾಗ ತಪ್ಪಾಗಿತ್ತು. ಬಾಟಲಿ ಕೊನೆಯ ದಿನ ಕೈಗೆ ಬಂತು. ನಮ್ಮ ಇಪ್ಪತ್ತೈದನೇ ಮದುವೆ ವಾರ್ಷಿಕೋತ್ಸವಕ್ಕೆ ಅಂತ ಒಯ್ದದ್ದು ಅದು. ಆ ರಾತ್ರಿಯ ಬೇಜಾರು ಇವತ್ತಿಗೂ ಹೋಗಿಲ್ಲ.

ಅದಕ್ಕೇ ಹೇಳುತ್ತೇನೆ, ಟರ್ಮಿನಲ್ ಬಾಗಿಲಲ್ಲಿ ಸೂಟ್‌ಕೇಸ್ ಕೊಡುವ ಮೊದಲು ಬಾಟಲಿಯನ್ನು ಹೆಗಲ ಚೀಲಕ್ಕೆ ಹಾಕಿಕೊಳ್ಳಿ. ಮಾತ್ರೆಗಳನ್ನೂ.

ವಿಮಾನದ ನಿಯಮ ಕಷ್ಟದ್ದಲ್ಲ. 24%ಗಿಂತ ಕಡಿಮೆ ಆಲ್ಕೋಹಾಲ್ ಇರುವ ವೈನ್, ಬಿಯರ್‌ಗೆ ಚೆಕ್-ಇನ್ ಬ್ಯಾಗಿನಲ್ಲಿ ಸುರಕ್ಷತೆಯ ಮಿತಿ ಇಲ್ಲ. 24ರಿಂದ 70%ವರೆಗಿನದು ಅಂಗಡಿಯ ಸೀಲ್ ಒಡೆಯದೆ ಒಬ್ಬರಿಗೆ ಐದು ಲೀಟರ್. ಅದಕ್ಕೂ ಮೇಲಿನದು ಒಯ್ಯುವಂತಿಲ್ಲ. ಬಾಟಲಿಯನ್ನು ಹಳೆಯ ಪಂಚೆಯಲ್ಲಿ ಎರಡು ಸುತ್ತು ಸುತ್ತಿ ಬಟ್ಟೆಗಳ ನಡುವೆ ಇಡಿ. ಕೆಂಪು ವೈನ್ ಒಡೆದರೆ ರೇಷ್ಮೆ ಸೀರೆ ಉಳಿಯುವುದಿಲ್ಲ, ಒಂದು ದಪ್ಪ ಪ್ಲಾಸ್ಟಿಕ್ ಕವರೂ ಹಾಕಿ. ಬೆಂಗಳೂರಿನ ಡ್ಯೂಟಿ ಫ್ರೀಯಲ್ಲಿ ಕೊಂಡರೆ ಸೀಲ್ ಮಾಡಿದ ಚೀಲವನ್ನು ಹಡಗು ಹತ್ತುವವರೆಗೂ ಬಿಚ್ಚಬೇಡಿ. ನಡುವೆ ಬೇರೆ ಊರಿನಲ್ಲಿ ವಿಮಾನ ಬದಲಿಸುವುದಿದ್ದರೆ ಅಲ್ಲಿನ ಸೆಕ್ಯುರಿಟಿಯಲ್ಲಿ ಆ ಸೀಲನ್ನೇ ನೋಡುತ್ತಾರೆ.

ಸಿಂಗಪುರಕ್ಕೆ ಇಳಿಯುವಾಗ 18 ದಾಟಿದ, ಕನಿಷ್ಠ 48 ಗಂಟೆ ಸಿಂಗಪುರದ ಹೊರಗಿದ್ದ ಪ್ರಯಾಣಿಕರು ಸುಂಕವಿಲ್ಲದೆ ಒಟ್ಟು ಎರಡು ಲೀಟರ್ ತರಬಹುದು. ಒಂದು ಲೀಟರ್ ಹಾಟ್ ಡ್ರಿಂಕ್ಸ್ ಜೊತೆ ಒಂದು ಲೀಟರ್ ವೈನ್ ಅಥವಾ ಬಿಯರ್, ಇಲ್ಲವೇ ಎರಡೂ ಲೀಟರ್ ವೈನ್, ಹೀಗೆ. ಮಲೇಷ್ಯಾದಿಂದ ಬಂದವರಿಗೆ ಮಾತ್ರ ಈ ರಿಯಾಯಿತಿ ಇಲ್ಲ. ಕ್ರೂಸ್‌ನವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ಮಲೇಷ್ಯಾದ ಲಂಕಾವಿ ಸುಂಕವಿಲ್ಲದ ದ್ವೀಪ, ವಿಸ್ಕಿ ಅಗ್ಗ ಅಂತ ಕೊಳ್ಳುತ್ತೀರಿ. ಹಡಗಿನವರು ಅದನ್ನು ಇಟ್ಟುಕೊಂಡು ಕೊನೆಗೆ ಕೊಡುತ್ತಾರೆ. ಆದರೆ ಹಡಗಿನ ಕೊನೆಯ ಬಂದರು ಮಲೇಷ್ಯಾದ್ದಾಗಿದ್ದರೆ ಸಿಂಗಪುರದಲ್ಲಿ ಇಳಿಯುವಾಗ ಅದನ್ನು ಘೋಷಿಸಿ ಸುಂಕ ಕಟ್ಟಬೇಕು. 40%ನ ಒಂದು ಲೀಟರ್ ವಿಸ್ಕಿಗೆ 35.20 ಸಿಂಗಪುರ ಡಾಲರ್ ಸುಂಕ, ಮೇಲೆ 9% ಜಿ.ಎಸ್.ಟಿ. ಅಗ್ಗಕ್ಕೆ ಸಿಕ್ಕಿದ್ದೆಲ್ಲಾ ಅಲ್ಲೇ ಕರಗಿತು. ಊರಿಗೆ ಒಯ್ಯುವ ವಿಸ್ಕಿಯನ್ನು ವಾಪಸ್ ಬರುವಾಗ ವಿಮಾನ ನಿಲ್ದಾಣದಲ್ಲೇ ಕೊಳ್ಳಿ. ಭಾರತಕ್ಕೆ ಒಬ್ಬರಿಗೆ ಎರಡು ಲೀಟರ್ ಸುಂಕವಿಲ್ಲದೆ ಬಿಡುತ್ತಾರೆ.

ಕದ್ದು ಒಯ್ಯುವುದು

ಶಾಂಪೂ ಬಾಟಲಿಯಲ್ಲಿ ವೋಡ್ಕಾ, ಬಾಯಿ ಮುಕ್ಕಳಿಸುವ ದ್ರವದ ಬಾಟಲಿಯಲ್ಲಿ ಬಣ್ಣ ಹಾಕಿದ ಜಿನ್, ನೀರಿನ ಬಾಟಲಿಯಲ್ಲಿ ಬಿಳಿ ರಮ್. ಇದಕ್ಕಾಗಿಯೇ ಮಾಡಿದ ಪ್ಲಾಸ್ಟಿಕ್ ಚೀಲಗಳೂ ಆನ್‌ಲೈನ್‌ನಲ್ಲಿ ಸಿಗುತ್ತವೆ. ದಯವಿಟ್ಟು ಇದಕ್ಕೆ ಕೈ ಹಾಕಬೇಡಿ. ಹಡಗಿಗೆ ಹೋಗುವ ಪ್ರತಿ ಚೀಲವೂ ಎಕ್ಸ್‌ರೇ ದಾಟುತ್ತದೆ, ಆ ಸಿಬ್ಬಂದಿ ಇಂಥದ್ದನ್ನು ದಿನವೂ ನೋಡುವವರು. ಸಿಕ್ಕಿದ್ದನ್ನು ಕಾರ್ನಿವಲ್‌ನಂಥ ಕಂಪನಿ ಚೆಲ್ಲಿಬಿಡುತ್ತದೆ, ದುಡ್ಡು ವಾಪಸ್ ಇಲ್ಲ. ಪ್ರಯಾಣಿಕರನ್ನು ಹಡಗಿನಿಂದ ಇಳಿಸುವ ಅಧಿಕಾರವೂ ಟಿಕೆಟ್ ಕರಾರಿನಲ್ಲಿ ಇರುತ್ತದೆ. ಮಕ್ಕಳ ಮುಂದೆ ಸೆಕ್ಯುರಿಟಿ ಮೇಜಿನ ಮೇಲೆ ಶಾಂಪೂ ಬಾಟಲಿಯ ಮುಚ್ಚಳ ತೆಗೆಯುವ ಅಪ್ಪನ ಮುಖ ನಾನು ಆ ಸಂಜೆ ಸೆಕ್ಯುರಿಟಿ ಕೋಣೆಯಲ್ಲಿ ನೋಡಿದ್ದೇನೆ. ಅದು ಯಾರಿಗೂ ಬೇಡ.

ಹಾಗಾದರೆ ಯಾವ ಬಾಟಲಿ?

ಹೊರದೇಶದ ವೈನ್ ಹಡಗಿನಲ್ಲೇ ಬೇಕಾದಷ್ಟು ಸಿಗುತ್ತದೆ. ಸಿಗದಿರುವುದು ನಮ್ಮ ವೈನ್. ನಂದಿ ಬೆಟ್ಟದ ತಪ್ಪಲಿನಲ್ಲಿ, ದೊಡ್ಡಬಳ್ಳಾಪುರದ ಹತ್ತಿರ ಗ್ರೋವರ್ ಅವರ ತೋಟ 1988ರಿಂದ ಇದೆ. ಹಂಪಿ ಕಡೆಯ ಗುಡ್ಡಗಳಲ್ಲಿ ಕೃಷ್ಮಾ ಅನ್ನುವ ವೈನ್ ತೋಟ ಇದೆ. ಬೇರೆ ದೇಶದ ಜನ ಪಕ್ಕದ ಕುರ್ಚಿಯಲ್ಲಿ ಕೂತಾಗ, ಇದು ನಮ್ಮೂರಿನ ದ್ರಾಕ್ಷಿಯದು ಅಂತ ಬಾಟಲಿ ತಿರುಗಿಸಿ ತೋರಿಸುವ ಸಂತೋಷಕ್ಕೆ ಲೆಕ್ಕ ಹಾಕಲಾಗದು. ಊಟದ ಹಾಲ್‌ನಲ್ಲಿ 15 ಡಾಲರ್ ಕಾರ್ಕೇಜ್ ಕೊಟ್ಟು ತೆರೆಸುವುದಾದರೆ ಇಂಥ ಬಾಟಲಿಯನ್ನೇ ತೆರೆಸಿ.

ತಿರುಗಿಸಿ ತೆಗೆಯುವ ಮುಚ್ಚಳದ ಬಾಟಲಿಯಾದರೆ ಕ್ಯಾಬಿನ್ನಿನಲ್ಲಿ ತೆರೆಯುವುದು ಸುಲಭ. ಕಾರ್ಕ್ ಇದ್ದರೆ ಕ್ಯಾಬಿನ್ ನೋಡಿಕೊಳ್ಳುವವರನ್ನು ಕೇಳಿ, ಓಪನರ್ ಮತ್ತು ಎರಡು ಗ್ಲಾಸ್ ತಂದುಕೊಡುತ್ತಾರೆ. ಬಿಳಿ ವೈನ್ ಒಯ್ದಿದ್ದರೆ ಮಧ್ಯಾಹ್ನವೇ ಒಂದು ಬಕೆಟ್ ಐಸ್ ಹೇಳಿಡಿ. ಕ್ಯಾಬಿನ್ನಿನ ಪುಟ್ಟ ಫ್ರಿಜ್ ಸಂಜೆಯೊಳಗೆ ಅದನ್ನು ತಣ್ಣಗೆ ಮಾಡುವುದಿಲ್ಲ.